ಕರೆಯಬಹುದಾದ ಹೆಸರುಗಳು

ಕಳೆದ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ನಾವು ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕುಳಿತು, ಮಳೆ ನೋಡುತ್ತ, ತೆಳ್ಳೇವು ತಿನ್ನುತ್ತಿದ್ದೆವು. ಕಲ್ಯಾಣದಿಂದ ನಮ್ಮ ತಂಗಿಯ ಮಗಳು ಬಂದಿದ್ದಳು. ಅವಳು ಎಂಜಿನಿಯರಿಂಗ್ ಮುಗಿಸಿ ಐರೋಲಿಯ ಒಂದು ಕಂಪೆನಿಗೆ ಸೇರಿ ಎಂಟು ತಿಂಗಳಾಗಿತ್ತಷ್ಟೆ. ದಿನವೂ ಕಲ್ಯಾಣದಿಂದ ಠಾಣೆಗೆ ಒಂದು ಗಾಡಿ, ಠಾಣೆಯಿಂದ ಐರೋಲಿಗೆ ಇನ್ನೊಂದು ಗಾಡಿ. ವಾರಕ್ಕೊಮ್ಮೆ ಸಿಗುವ ಭಾನುವಾರವನ್ನು ನಿದ್ದೆಗೆ ಕೊಡದೆ ಮಾವನ ಮನೆಗೆ ಬಂದಿದ್ದಾಳೆಂದರೆ ಏನೋ ಕೆಲಸವಿರಬೇಕೆಂದು ನಮಗೆ ಅನಿಸಿಯೇ ಇತ್ತು.

"ಮಾವ, ನೀವು ಮಹಾಪೆಯಲ್ಲಿದ್ದಾಗ ಲಿನಕ್ಸಿಗೆ ಡ್ರೈವರ್ ಬರೀತಿದ್ರಂತೆ, ಅಮ್ಮ ಹೇಳಿದಳು. ಒಂದು ಕೇಳಲಾ? ನಮ್ಮ ಮಾಡ್ಯೂಲು ಕರ್ನೆಲ್ಲಿಗೆ ಹತ್ತೋದಿಲ್ಲ ಅಂತ ಹಟ ಹಿಡಿದಿದೆ. ಯಾವುದೋ ಸಿಂಬಲ್ಲಿನ ವರ್ಶನ್ ಹೊಂದೋದಿಲ್ಲವಂತೆ. ನಮ್ಮ ಲೀಡ್ ಹೇಳ್ತಾರೆ, ಫೋರ್ಸ್ ಮಾಡಿ ಹತ್ತಿಸು, ಬುಧವಾರ ಡೆಮೊ ಆಗಿಹೋಗಲಿ ಅಂತ. ಮಾಡಬಹುದಾ?"

ನಮ್ಮ ಕೈ ತಟ್ಟೆಯಲ್ಲೇ ನಿಂತಿತು. ಅದೇ ಹೊತ್ತಿಗೆ ಒಳಗಿನಿಂದ ನಮ್ಮಾಕೆ, "ಇನ್ನೊಂದು ಹಾಕಲಾ?" ಎಂದು ಕೇಳಿದಳು. ನಾವು "ಬೇಡ" ಎಂದೆವು. ಆ ಮಾತು ತನಗೆ ಹೇಳಿದ್ದೆಂದು ಇಬ್ಬರೂ ತಿಳಿದರು. ಇಬ್ಬರೂ ತಿಳಿದದ್ದು ಸರಿಯೇ.

ಆದರೆ "ಬೇಡ" ಎಂದರೆ ಈ ಕಾಲದ ಮಕ್ಕಳು ಸುಮ್ಮನಾಗುತ್ತಾರೆಯೇ? "ಯಾಕೆ ಬೇಡ?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳಿದ್ದವು. ಒಂದು ಪಾಠದ್ದು. ಇನ್ನೊಂದು ನಮ್ಮ ಸ್ವಂತದ್ದು. ಮೊದಲನೆಯದನ್ನು ಅವಳಿಗೆ ಅಂದೇ ಹೇಳಿದೆವು. ಎರಡನೆಯದನ್ನು ಹೇಳಲು ಇನ್ನೂ ಒಂದು ತಾಸು ಹಿಡಿಯಿತು. ನಮ್ಮ ಸಂಘದ ವಾಚಕರ ಮುಂದೆ ಅದೇ ಕ್ರಮದಲ್ಲಿ ಎರಡನ್ನೂ ಇಡುತ್ತೇವೆ. ಕಂಪ್ಯೂಟರಿನ ಗಂಧವಿಲ್ಲದವರು ಬೇಸರಿಸಬೇಕಾಗಿಲ್ಲ. ಲೋಕಲ್ ಗಾಡಿಯಲ್ಲಿ ಓಡಾಡಿದವರಿಗೆಲ್ಲ ಅರ್ಥವಾಗುವ ವಿಷಯವಿದು.

ಕಂಪ್ಯೂಟರಿನ ಒಳಗೆ ಎಲ್ಲಕ್ಕೂ ಮೂಲವಾಗಿ ಕುಳಿತಿರುವ ಕ್ರಮವಿಧಿಗೆ ಕರ್ನೆಲ್ ಎನ್ನುತ್ತಾರೆ. ಕರ್ನೆಲ್ ಎಂದರೆ ತಿರುಳು, ತೆಂಗಿನಕಾಯಿಯೊಳಗಿನ ಕೊಬ್ಬರಿ ಇದ್ದ ಹಾಗೆ. ಯಾರಿಗೆ ಎಷ್ಟು ಮೆಮೊರಿ, ಯಾರ ಪಾಳಿ ಯಾವಾಗ, ಡಿಸ್ಕಿಗೆ ಬರೆಯುವುದು ಯಾರು, ಎಲ್ಲ ಅದರದೇ ಯಜಮಾನಿಕೆ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ತರುಣ 1991ರಲ್ಲಿ ಇಂಥದೊಂದು ಕರ್ನೆಲ್ ಬರೆದು ಲೋಕಕ್ಕೆ ಕೊಟ್ಟ. ಅದೇ ಲಿನಕ್ಸ್. ನಮ್ಮಲ್ಲಿಗೆ ಅದು ಬಂದದ್ದು ಸೀಡಿಯ ರೂಪದಲ್ಲಿ. ಪಿಸಿಕ್ವೆಸ್ಟ್ ಎಂಬ ಇಂಗ್ಲಿಷ್ ಮಾಸಿಕ 1990ರ ದಶಕದ ಉತ್ತರಾರ್ಧದಲ್ಲಿ ಸಂಚಿಕೆಯ ಜೊತೆಗೇ ಲಿನಕ್ಸಿನ ಸೀಡಿ ಹಂಚುತ್ತಿತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಆ ಪತ್ರಿಕೆಯ ಮೂಲಕ ಎಷ್ಟೋ ಜನರಿಗೆ ಅದರ ರುಚಿ ಹತ್ತಿಸಿದರು. ಅವರು 2013ರಲ್ಲಿ ತೀರಿಕೊಂಡರು. ರುಚಿ ಹತ್ತಿದವರಲ್ಲಿ ನಾವೂ ಒಬ್ಬರು.

ಮೊದಮೊದಲು ಕರ್ನೆಲ್ ಎಂದರೆ ಒಂದೇ ಉಂಡೆ. ಹೊಸದೊಂದು ಉಪಕರಣ ತಂದು ಜೋಡಿಸಬೇಕೆಂದರೆ ಇಡೀ ಉಂಡೆಯನ್ನೇ ಮತ್ತೆ ಕಟ್ಟಬೇಕಿತ್ತು. ಆ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಮಾಡ್ಯೂಲ್. ಓಡುತ್ತಿರುವ ಕರ್ನೆಲ್ಲಿಗೆ ಬೇಕಾದಾಗ ಹತ್ತಿಸಿ, ಬೇಡವಾದಾಗ ಇಳಿಸಬಹುದಾದ ಚಿಕ್ಕ ತುಂಡು. 1995ರಲ್ಲಿ ಹೊರಬಂದ 1.2ನೆಯ ಆವೃತ್ತಿಯ ಹೊತ್ತಿಗೆ ಲಿನಕ್ಸಿನಲ್ಲಿ ಇದು ನೆಲೆಗೊಂಡಿತು. ಇಂದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಅದರ ವೈಫೈ, ಅದರ ಕ್ಯಾಮೆರಾ, ಅದರ ಧ್ವನಿ, ಇವೆಲ್ಲ ಸಾಮಾನ್ಯವಾಗಿ ಹೀಗೆ ಹತ್ತಿ ಕುಳಿತ ಮಾಡ್ಯೂಲುಗಳೇ.

ಹತ್ತಿ ಕುಳಿತರೆ ಸಾಲದು. ಹೊಸದಾಗಿ ಬಂದವನಿಗೆ ಹಳಬರ ಸಹಾಯ ಬೇಕು. ಮೆಮೊರಿ ಬೇಕಾದರೆ ಕರ್ನೆಲ್ಲಿನೊಳಗೆ ಅದಕ್ಕೊಂದು ಕಾರ್ಯವಿದೆ, ಅದಕ್ಕೊಂದು ಹೆಸರಿದೆ. ಈ ಹೆಸರಿಗೇ ಸಿಂಬಲ್ ಎನ್ನುವುದು. ಮಾಡ್ಯೂಲನ್ನು ಕಟ್ಟುವಾಗ ಅದರೊಳಗೆ ಹೆಸರು ಮಾತ್ರ ಬರೆದಿರುತ್ತದೆ, ವಿಳಾಸದ ಜಾಗ ಖಾಲಿ. ಹತ್ತುವ ಹೊತ್ತಿಗೆ ಕರ್ನೆಲ್ ಆ ಹೆಸರು ನೋಡಿ ವಿಳಾಸ ತುಂಬಿಕೊಡುತ್ತದೆ.

ನಾವು 1984ರಲ್ಲಿ ಉತ್ತರ ಕನ್ನಡದಿಂದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹಿಡಿದುಕೊಂಡು ಬಸ್ಸಿನಲ್ಲಿ ಮುಂಬಯಿಗೆ ಬಂದಾಗ ನಮ್ಮ ಜೇಬಿನಲ್ಲಿದ್ದದ್ದೂ ಇಷ್ಟೇ. ಕೊಂಕಣ ರೈಲು ಆಗ ಇರಲಿಲ್ಲ. ಅಪ್ಪಯ್ಯ ಒಂದು ಇನ್‌ಲೆಂಡ್ ಪತ್ರದ ಹರಕಿನಲ್ಲಿ ಮೂರು ಹೆಸರು ಬರೆದುಕೊಟ್ಟಿದ್ದರು. ಒಬ್ಬರು ಊರಿಗೆ ಮರಳಿದ್ದರು. ಇನ್ನೊಬ್ಬರ ಮನೆಯ ಬಾಗಿಲು ತೆರೆಯಲಿಲ್ಲ. ಮೂರನೆಯವರು ಡೊಂಬಿವಲಿಯ ಒಂದು ಚಾಳಿನಲ್ಲಿದ್ದರು. ಅವರು ಹೆಸರು ಕೇಳಿ, ಊರು ಕೇಳಿ, ಅಜ್ಜನ ಹೆಸರನ್ನೂ ಕೇಳಿ ಒಳಗೆ ಕರೆದರು. ಮುಂದೆ ಮೂರು ವರ್ಷ ಅವರ ಮನೆಯ ಪಡಸಾಲೆಯೇ ನಮ್ಮ ಮನೆ. ಆದ್ದರಿಂದ ಖಾಲಿ ವಿಳಾಸದೊಂದಿಗೆ ಬರುವ ಮಾಡ್ಯೂಲಿನ ಮೇಲೆ ನಮಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ.

ಇನ್ನು ಮುಖ್ಯವಾದ ಮಾತು. ಕರ್ನೆಲ್ಲಿನೊಳಗಿನ ಎಲ್ಲ ಹೆಸರುಗಳನ್ನೂ ಹೊರಗಿನವರು ಕರೆಯುವಂತಿಲ್ಲ. ಠಾಕುರ್ಲಿ ಸ್ಟೇಷನ್ ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಇದೆ. ಹಳಿ ಇದೆ, ಪ್ಲಾಟ್‌ಫಾರ್ಮ್ ಇದೆ, ಜನರೂ ಇದ್ದಾರೆ. ಆದರೆ ಫಾಸ್ಟ್ ಗಾಡಿಯಲ್ಲಿ ಕುಳಿತವನಿಗೆ ಅದು ಕಿಟಕಿಯಲ್ಲಿ ಸರಿದುಹೋಗುವ ಊರು, ಇಳಿಯುವ ಊರಲ್ಲ. ಕರ್ನೆಲ್ಲಿನಲ್ಲಿಯೂ ಹಾಗೆಯೇ. ಸಾವಿರಾರು ಕಾರ್ಯಗಳು ಒಳಗೊಳಗೇ ಒಂದನ್ನೊಂದು ಕರೆಯುತ್ತಿರುತ್ತವೆ. ಮಾಡ್ಯೂಲಿಗೆ ಸಿಗಬೇಕಾದರೆ ಮಾತ್ರ ಆ ಕಾರ್ಯವನ್ನು ಬರೆದವನು ಅದರ ಕೆಳಗೆ ಎಕ್ಸ್‌ಪೋರ್ಟ್ ಸಿಂಬಲ್ ಎಂದು ಒಂದು ಸಾಲು ಬರೆಯಬೇಕು. ಆ ಒಂದು ಸಾಲು ಕಂಪೈಲರಿಗೆ ಹೇಳುವುದಿಷ್ಟು: ಈ ಹೆಸರನ್ನೂ ಇದರ ವಿಳಾಸವನ್ನೂ ಬೇರೊಂದು ಪಟ್ಟಿಯಲ್ಲಿ ಬರೆದಿಡು, ಫಾಸ್ಟ್ ಗಾಡಿ ಇಲ್ಲಿ ನಿಲ್ಲಲಿ.

ಈ ಶಿಸ್ತು ಮೊದಲಿನಿಂದ ಇಷ್ಟು ಬಿಗಿಯಾಗಿರಲಿಲ್ಲ. 2.4ನೆಯ ಕಾಲದಲ್ಲಿ ಮಾಡ್ಯೂಲಿನವನು ಏನನ್ನೂ ಹೇಳದೆ ಬಿಟ್ಟರೆ ಅವನ ಮನೆಯ ಬಹಿರಂಗ ಹೆಸರುಗಳೆಲ್ಲ ಊರಿಗೆಲ್ಲ ತೆರೆದಿರುತ್ತಿದ್ದವು. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಮಾಡ್ಯೂಲ್ ಹತ್ತಿಸುವ ವ್ಯವಸ್ಥೆಯನ್ನೇ ಹೊಸದಾಗಿ ಬರೆದರು. 2003ರ ಡಿಸೆಂಬರಿನಲ್ಲಿ 2.6 ಹೊರಬಂದಾಗ ನಿಯಮ ತಿರುಗಿತ್ತು. ಬಾಯಿಬಿಟ್ಟು ಹೇಳಿದ ಹೆಸರು ಮಾತ್ರ ಹೊರಗೆ, ಉಳಿದದ್ದೆಲ್ಲ ಒಳಗೆ. ಅದಕ್ಕೂ ಮುಂಚೆ, 2001ರಲ್ಲಿ, ಇನ್ನೊಂದು ಬಗೆಯ ಸಾಲು ಬಂದಿತ್ತು, ಎಕ್ಸ್‌ಪೋರ್ಟ್ ಸಿಂಬಲ್ ಜಿಪಿಎಲ್ ಎಂದು. ಲಿನಕ್ಸಿನ ಹಾಗೆಯೇ ತನ್ನ ಬರಹವನ್ನೂ ಲೋಕದೊಡನೆ ಹಂಚಿಕೊಳ್ಳುತ್ತೇನೆಂದು ಸಾರಿಕೊಂಡ ಮಾಡ್ಯೂಲಿಗೆ ಮಾತ್ರ ಆ ಹೆಸರುಗಳು ಸಿಗುತ್ತವೆ. ಅಡುಗೆಯ ಗುಟ್ಟು ಬಿಟ್ಟುಕೊಡದವರಿಗೆ ಊಟದ ಮನೆಯವರೆಗೆ ಪ್ರವೇಶ, ಅಡುಗೆ ಮನೆಗೆ ಇಲ್ಲ ಎಂದ ಹಾಗೆ. 2019ರಲ್ಲಿ ಬಂದ 5.4ರಿಂದ ಹೆಸರುಗಳನ್ನು ಕೇರಿಗಳಾಗಿಯೂ ವಿಂಗಡಿಸಬಹುದು. ಯಾವ ಕೇರಿಯ ಹೆಸರು ಬೇಕೋ ಅದನ್ನು ಮಾಡ್ಯೂಲು ಮೊದಲೇ ಹೇಳಿಕೊಳ್ಳಬೇಕು.

"ಹಾಗಾದರೆ ನನಗೆ ಬೇಕಾದ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಸೇರಿಸಿ ಅಂತ ಕೇಳಬಹುದಲ್ಲ?" ಎಂದಳು ಹುಡುಗಿ. ಕೇಳಬಹುದು. ದಿವಾದ ಜನ ಕೇಳಲಿಲ್ಲವೇ? ನಮ್ಮೂರಿಗೂ ಫಾಸ್ಟ್ ನಿಲ್ಲಲಿ ಎಂದು ವರ್ಷಗಟ್ಟಲೆ ಕೇಳಿದರು, 2015ರ ಜನವರಿಯಲ್ಲಿ ಹಳಿಯ ಮೇಲೆಯೇ ಕುಳಿತರು, 2016ರ ಡಿಸೆಂಬರಿನಲ್ಲಿ ಕೆಲವು ಫಾಸ್ಟ್ ಗಾಡಿಗಳು ಅಲ್ಲಿ ನಿಲ್ಲತೊಡಗಿದವು. ಕರ್ನೆಲ್ ನೋಡಿಕೊಳ್ಳುವವರೂ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅವರದೊಂದೇ ಪ್ರಶ್ನೆ: ಈ ಹೆಸರನ್ನು ಬಳಸುವವರು ನಮ್ಮ ಮನೆಯೊಳಗೇ, ಅಂದರೆ ಲಿನಕ್ಸಿನ ಜೊತೆಗೇ ಬರುವ ಮಾಡ್ಯೂಲುಗಳಲ್ಲಿ, ಯಾರಿದ್ದಾರೆ? ಯಾರೂ ಇಲ್ಲವಾದರೆ ನಿಲುಗಡೆ ಇಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದೂ ಉಂಟು. ಯಾವ ಹೆಸರಿನ ವಿಳಾಸವನ್ನಾದರೂ ಹುಡುಕಿಕೊಡುವ ಒಂದು ಕಾರ್ಯ ಬಹುಕಾಲ ಪಟ್ಟಿಯಲ್ಲಿತ್ತು. ಅದನ್ನು ಹಿಡಿದು ಹಿಂಬಾಗಿಲಿನಿಂದ ಎಲ್ಲರನ್ನೂ ಕರೆಯುತ್ತಿದ್ದಾರೆಂದು 2020ರಲ್ಲಿ, 5.7ರಲ್ಲಿ, ಅದನ್ನೇ ಪಟ್ಟಿಯಿಂದ ತೆಗೆದುಹಾಕಿದರು.

ಇನ್ನು ಕಟ್ಟುವ ಹೊತ್ತಿನ ಸಂಗತಿ. ಇದೇ ನಮ್ಮ ಕಥೆಗೆ ಬೇಕಾದದ್ದು. ಕರ್ನೆಲ್ಲನ್ನೂ ಮಾಡ್ಯೂಲುಗಳನ್ನೂ ಕಟ್ಟಿದ ಮೇಲೆ ಮಾಡ್‌ಪೋಸ್ಟ್ ಎಂಬ ಗುಮಾಸ್ತ ಬರುತ್ತಾನೆ. ಯಾರು ಯಾವ ಹೆಸರು ಹೊರಗೆ ಕೊಟ್ಟಿದ್ದಾರೆ, ಯಾರು ಯಾವ ಹೆಸರು ಬೇಡುತ್ತಿದ್ದಾರೆ ಎಂದು ಲೆಕ್ಕ ಹಾಕಿ, ಕೊಟ್ಟ ಹೆಸರುಗಳನ್ನೆಲ್ಲ ಮಾಡ್ಯೂಲ್ ಸಿಮ್‌ವರ್ಸ್ ಎಂಬ ಒಂದು ಕಡತದಲ್ಲಿ ಬರೆಯುತ್ತಾನೆ. ಒಂದು ಸಾಲಿಗೆ ಒಂದು ಹೆಸರು. ಹೆಸರಿನ ಜೊತೆ ಅದು ಯಾರ ಮನೆಯದು, ಎಲ್ಲರಿಗೋ ಜಿಪಿಎಲ್‌ನವರಿಗೋ ಎಂಬ ವಿವರ. ಮತ್ತು ಸಾಲಿನ ಮೊದಲಿಗೆ ಒಂದು ವಿಚಿತ್ರ ಸಂಖ್ಯೆ.

ಆ ಸಂಖ್ಯೆಯೇ ಜೀವಾಳ. ಹೆಸರು ಒಂದೇ ಆದ ಮಾತ್ರಕ್ಕೆ ಮನೆ ಅದೇ ಎನ್ನಲಾಗದು. ಡೊಂಬಿವಲಿಯಲ್ಲಿ ನಾವೆಲ್ಲ ಕಂಡ ವಿಷಯವಿದು. ಹಳೆಯ ಚಾಳು ಕೆಡವಿ ಗೋಪುರ ಕಟ್ಟುತ್ತಾರೆ, ಹೆಸರು ಮಾತ್ರ ಹಳೆಯದೇ ಇಡುತ್ತಾರೆ. ಹತ್ತು ವರ್ಷದ ಮೇಲೆ ಬಂದ ನೆಂಟ ಹಳೆಯ ಗುರುತಿನಂತೆ ಎರಡನೆಯ ಮಹಡಿ ಹತ್ತಿ ಮೂರನೆಯ ಬಾಗಿಲು ತಟ್ಟಿದರೆ ತೆರೆಯುವವರು ಬೇರೆ ಯಾರೋ. ಅವರು ಒಳ್ಳೆಯವರಾಗಿ ಕಾಫಿಯನ್ನೂ ಕೊಟ್ಟರೆ ನೆಂಟನಿಗೆ ತಪ್ಪಿದ್ದು ತಿಳಿಯುವುದೇ ಇಲ್ಲ. ಕರ್ನೆಲ್ಲಿನ ಕಾರ್ಯಗಳು ಕೊಟ್ಟುಕೊಳ್ಳುವ ಮಾಹಿತಿಗೂ ಹೀಗೆ ಅಂಕಣ ಅಂಕಣಗಳ ರಚನೆ ಇರುತ್ತದೆ. ನಡುವೆ ಒಂದು ಅಂಕಣ ಸೇರಿಸಿದರೆ ಕೆಳಗಿನವೆಲ್ಲ ಒಂದೊಂದು ಮನೆ ಸರಿಯುತ್ತವೆ. ಆದ್ದರಿಂದ ಜೆನ್‌ಕೆಸಿಮ್ಸ್ ಎಂಬ ಇನ್ನೊಂದು ಕ್ರಮವಿಧಿ ಆ ಕಾರ್ಯದ ರೂಪವನ್ನೂ, ಅದು ಮುಟ್ಟುವ ರಚನೆಗಳ ಒಳಗಿನ ಒಂದೊಂದು ಅಂಕಣವನ್ನೂ ಓದಿ, ಎಲ್ಲವನ್ನೂ ಕಲೆಸಿ ಒಂದು ಸಂಖ್ಯೆ ಮಾಡುತ್ತದೆ. ಒಂದು ಅಂಕಣ ಹೆಚ್ಚಾದರೂ ಸಂಖ್ಯೆ ಬದಲಾಗುತ್ತದೆ. ಮಾಡ್ಯೂಲು ಕಟ್ಟಿದಾಗ ಆ ಸಂಖ್ಯೆಯ ಪ್ರತಿ ಅದರ ಹೊಟ್ಟೆಯೊಳಗೆ ಕೂರುತ್ತದೆ. ಹತ್ತುವಾಗ ಕರ್ನೆಲ್ ಎರಡನ್ನೂ ಹೋಲಿಸಿ ನೋಡುತ್ತದೆ. ಹೊಂದದಿದ್ದರೆ, ನೀನು ಹೇಳುವ ಹೆಸರಿನವರು ಇದ್ದಾರೆ, ಆದರೆ ನೀನು ತಿಳಿದವರಲ್ಲ ಎಂದು ಹೊರಗೇ ನಿಲ್ಲಿಸುತ್ತದೆ.

ಹೊರಗೆ ನಿಂತವನನ್ನು ಬಲವಂತದಿಂದ ಒಳಗೆ ತಳ್ಳುವುದಕ್ಕೂ ದಾರಿ ಇದೆ. ಹೊಟ್ಟೆಯೊಳಗಿನ ಆ ಸಂಖ್ಯೆಗಳನ್ನು ಕಿತ್ತುಹಾಕಿ ಹತ್ತಿಸುವುದು. ಆಗ ಕರ್ನೆಲ್ ಒಪ್ಪುತ್ತದೆ. ಆದರೆ ತನಗೆ ಮೈಲಿಗೆಯಾಯಿತೆಂದು ಬರೆದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನಲ್ಲಿಯೂ ಅದನ್ನು ಕರೆಯುವುದು ಹೆಚ್ಚುಕಡಿಮೆ ಅದೇ ಅರ್ಥದ ಮಾತಿನಿಂದ. ಮಾಡ್ಯೂಲನ್ನು ಇಳಿಸಿದರೂ ಆ ಮೈಲಿಗೆ ಹೋಗದು. ಯಂತ್ರ ಆರಿಸಿ ಮತ್ತೆ ಹೊತ್ತಿಸಿದರೆ ಮಾತ್ರ ಮಡಿ. 2008ರಲ್ಲಿ ಈ ಬಲವಂತದ ದಾರಿಗೆ ಒಂದು ಅಗುಳಿ ಹಾಕಿದರು. ಕರ್ನೆಲ್ ಕಟ್ಟುವಾಗಲೇ ಬೇಕೆಂದು ಆರಿಸಿಕೊಂಡಿದ್ದರೆ ಮಾತ್ರ ಈಗ ಅದು ತೆರೆಯುತ್ತದೆ. ನಮ್ಮ ಕಥೆ ಅದಕ್ಕೆ ಒಂದು ವರ್ಷ ಮೊದಲಿನದು.

ಇಲ್ಲಿಯವರೆಗೆ ಪಾಠ. ಹುಡುಗಿ ಎಲ್ಲ ಕೇಳಿ, "ಅದು ಗೊತ್ತಾಯ್ತು ಮಾವ. ಆದರೆ ಸಾಮಾನ್ಯವಾಗಿ ಏನೂ ಆಗಲ್ಲವಂತಲ್ಲ?" ಎಂದಳು. ಹೌದು, ಅನೇಕ ಸಲ ಏನೂ ಆಗುವುದಿಲ್ಲ. 2007ರಲ್ಲಿ ನಾವೂ ಅದನ್ನೇ ಹೇಳಿದ್ದೆವು.

ಆಗ ನಾವು ಮಹಾಪೆಯ ಒಂದು ಸಣ್ಣ ಕಂಪೆನಿಯಲ್ಲಿದ್ದೆವು. ಹನ್ನೆರಡು ಜನ, ಎರಡು ಕೋಣೆ. ಕಾರ್ಖಾನೆಗಳ ಪಾತ್ರೆಗಳ ಉಷ್ಣತೆಯನ್ನು ಅಳೆದು ಪರದೆಯ ಮೇಲೆ ತೋರಿಸುವ ಕಾರ್ಡುಗಳನ್ನು ಮಾಡುತ್ತಿದ್ದೆವು. ಅದಕ್ಕೆ ಎರಡು ಮಾಡ್ಯೂಲು. ಒಂದು ಕಾರ್ಡನ್ನು ನೋಡಿಕೊಳ್ಳುವುದು, ಅದು ಕೆಲವು ಹೆಸರುಗಳನ್ನು ಹೊರಗೆ ಕೊಡುತ್ತಿತ್ತು. ಇನ್ನೊಂದು ಆ ಹೆಸರುಗಳನ್ನು ಕರೆದು ಉಷ್ಣತೆ ಓದಿ ಪರದೆಗೆ ಕೊಡುವುದು. ಎರಡನೆಯದನ್ನು ಕಟ್ಟುವಾಗ ಮೊದಲನೆಯದರ ಪಟ್ಟಿಯ ಪ್ರತಿ ಅದರ ಪಕ್ಕದಲ್ಲಿರಬೇಕು, ಇಲ್ಲವಾದರೆ ಎರಡನ್ನೂ ಒಟ್ಟಿಗೇ ಕಟ್ಟಬೇಕು.

ನಮ್ಮ ಕೈಕೆಳಗೆ ಹಾವೇರಿ ಕಡೆಯ ಒಬ್ಬ ಹುಡುಗನಿದ್ದ. ಕೋಪರ್‌ಖೈರಣೆಯಲ್ಲಿ ನಾಲ್ವರ ಜೊತೆ ಕೋಣೆ ಮಾಡಿಕೊಂಡಿದ್ದ. ಕೆಲಸದಲ್ಲಿ ಶ್ರದ್ಧೆ, ಮಾತು ಕಡಿಮೆ. ಡೊಂಬಿವಲಿಯ ಎಂಐಡಿಸಿಯ ಒಂದು ಕಾರ್ಖಾನೆಯವರು ತಮಗೆ ಉಷ್ಣತೆಯ ಎಚ್ಚರಿಕೆಯ ಮಿತಿಯೊಂದು ಬೇಕೆಂದು ಕೇಳಿದ್ದರು. ಆ ದಿನ ಮಧ್ಯಾಹ್ನ ನಾವೇ ಕುಳಿತು ಮೊದಲನೆಯ ಮಾಡ್ಯೂಲಿನ ರಚನೆಯ ನಡುವೆ ಅದಕ್ಕೊಂದು ಅಂಕಣ ಸೇರಿಸಿದೆವು. ಸಂಜೆ ಹುಡುಗ ಕೇಳಿದ, "ಸಾರ್, ಎರಡನ್ನೂ ಕಟ್ಟಲಾ?"

"ಎರಡನೆಯದಕ್ಕೆ ನಾನು ಕೈ ಹಚ್ಚಿಲ್ಲ. ಮೊದಲನೆಯದು ಕಟ್ಟಿಕೊಂಡು ಬಾ, ಸಾಕು. ಬಸ್ಸು ತಪ್ಪುತ್ತೆ" ಎಂದೆವು.

ಕಾರ್ಖಾನೆಗೆ ಹೋಗಿ ಹತ್ತಿಸಿದರೆ ಮೊದಲನೆಯದು ಹತ್ತಿತು, ಎರಡನೆಯದು ಹತ್ತಲಿಲ್ಲ. ನೀನು ತಿಳಿದವರು ಇವರಲ್ಲ ಎಂಬ ಅದೇ ಮಾತು. ಅದರ ಮೂಲ ಬರಹ ನಮ್ಮ ಬಳಿ ಇರಲಿಲ್ಲ, ಮಹಾಪೆಯ ಕಂಪ್ಯೂಟರಿನಲ್ಲಿತ್ತು. ರಾತ್ರಿ ಒಂಬತ್ತೂವರೆ. ಶಿಳ್‌ಫಾಟಾ ರಸ್ತೆಯಲ್ಲಿ ಹೋಗಿ ಬರುವುದೆಂದರೆ ಎರಡು ತಾಸು. ಕಾರ್ಖಾನೆಯವರು ಪಾತ್ರೆಗೆ ಆಗಲೇ ಸರಕು ತುಂಬಿಸಿ ಕಾಯುತ್ತಿದ್ದರು. ಮಾಲೀಕರು ಗಡಿಯಾರ ನೋಡಿದರು. ನಾವು ಹುಡುಗನಿಗೆ, "ಫೋರ್ಸ್ ಮಾಡು" ಎಂದೆವು.

"ಸಾರ್, ನಾನು ಹೋಗಿ ಕಟ್ಟಿಕೊಂಡು ಬರ್ತೀನಿ. ಆಟೊ ಸಿಕ್ಕರೆ ಹನ್ನೆರಡರೊಳಗೆ ಬರ್ತೀನಿ" ಎಂದ.

"ಏನೂ ಆಗೋದಿಲ್ಲ, ಮಾಡಪ್ಪ" ಎಂದೆವು.

ಮಾಡಿದ. ಹತ್ತಿತು. ಪರದೆಯ ಮೇಲೆ ಅಂಕಿಗಳು ಮೂಡಿದವು. 110 ಡಿಗ್ರಿ ಇರಬೇಕಾದ ಕಡೆ 110 ಇತ್ತು. ಮಾಲೀಕರು ನಕ್ಕರು, ನಾವೂ ನಕ್ಕೆವು, ಚಹಾ ಬಂತು. ಅರ್ಧ ತಾಸು ಕಳೆದರೂ 110. ಪಾತ್ರೆಯ ಪಕ್ಕದಲ್ಲಿ ರತ್ನಾಗಿರಿ ಕಡೆಯ ಒಬ್ಬ ವಯಸ್ಸಾದ ಆಪರೇಟರ್ ನಿಂತಿದ್ದರು. ಅವರು ಪರದೆಯನ್ನು ನೋಡಿ ನೋಡಿ ತಲೆ ಆಡಿಸಿ, ಇದು ಇಷ್ಟು ಸರಿಯಾಗಿ ಯಾವತ್ತೂ ಇರುವುದಿಲ್ಲ ಸಾಹೇಬ ಎಂದು ಮರಾಠಿಯಲ್ಲಿ ಗೊಣಗಿ, ಟಾರ್ಚು ಹಿಡಿದು ಮೆಟ್ಟಿಲು ಹತ್ತಿ ಪಾತ್ರೆಯ ಮೈಗಿದ್ದ ಹಳೆಯ ಮುಳ್ಳಿನ ಮಾಪಕವನ್ನು ನೋಡಿದರು. ಮುಳ್ಳು 131ರ ಹತ್ತಿರವಿತ್ತು. ಅವರು ಯಾರನ್ನೂ ಕೇಳಲಿಲ್ಲ. ಹಬೆಯ ಕವಾಟ ಮುಚ್ಚಿದರು, ತಣ್ಣೀರು ಬಿಟ್ಟರು.

ಆದದ್ದೇನೆಂದರೆ, ರಚನೆಯಲ್ಲಿ ಮೊದಲು ಬೇಕಾದ ಉಷ್ಣತೆಯ ಅಂಕಣ, ಅದರ ಕೆಳಗೆ ಇರುವ ಉಷ್ಣತೆಯ ಅಂಕಣ. ನಾವು ಮಧ್ಯಾಹ್ನ ಸೇರಿಸಿದ ಹೊಸ ಅಂಕಣ ಅವೆರಡಕ್ಕಿಂತ ಮೇಲೆ ಕುಳಿತಿತ್ತು. ಎಲ್ಲ ಒಂದೊಂದು ಮನೆ ಕೆಳಗೆ ಸರಿದಿದ್ದವು. ಹಳೆಯ ಮಾಡ್ಯೂಲು ಹಳೆಯ ಗುರುತಿನಂತೆ ಹೋಗಿ ಬಾಗಿಲು ತಟ್ಟಿದಾಗ ಅಲ್ಲಿ ಸಿಕ್ಕಿದ್ದು ಇರುವ ಉಷ್ಣತೆಯಲ್ಲ, ಬೇಕಾದ ಉಷ್ಣತೆ. ನಾವು ಏನು ಆಗಬೇಕೆಂದು ಬರೆದಿದ್ದೆವೋ ಅದನ್ನೇ ಅದು ನಮಗೆ ತಿರುಗಿಸಿ ತೋರಿಸುತ್ತಿತ್ತು. ಯಂತ್ರ ನಿಂತುಬಿಟ್ಟಿದ್ದರೆ, ತಲೆಕೆಟ್ಟ ಅಂಕಿ ತೋರಿಸಿದ್ದರೆ, ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ನಮಗೆ ಬೇಕಾದದ್ದನ್ನೇ ತೋರಿಸಿದ್ದರಿಂದ ಯಾರಿಗೂ ತಿಳಿಯಲಿಲ್ಲ, ಆ ಒಬ್ಬ ಹಿರಿಯರಿಗೆ ಬಿಟ್ಟು.

ಯಾರಿಗೂ ಏನೂ ಆಗಲಿಲ್ಲ. ಒಂದು ಪಾತ್ರೆ ಸರಕು ಕೆಟ್ಟಿತು. ಕಾರ್ಖಾನೆಯವರು ನಮ್ಮ ಕಂಪೆನಿಗೆ ವಿವರಣೆ ಕೇಳಿ ಪತ್ರ ಬರೆದರು. ಉತ್ತರ ಸಿದ್ಧಪಡಿಸುವ ಕೆಲಸ ನಮ್ಮದೇ. ನಾವು ಬರೆದ ವಾಕ್ಯ ನಮಗೆ ಇಂದಿಗೂ ಬಾಯಿಪಾಠ. ನಮ್ಮ ಕಿರಿಯ ಎಂಜಿನಿಯರು ಎರಡನೆಯ ಮಾಡ್ಯೂಲನ್ನು ಮತ್ತೆ ಕಟ್ಟಲು ಅಲಕ್ಷಿಸಿದ್ದರಿಂದ ಈ ಅಚಾತುರ್ಯ ನಡೆಯಿತೆಂದು ತಿಳಿಸಲು ವಿಷಾದಿಸುತ್ತೇವೆ. ಕೆಳಗೆ ನಮ್ಮ ರುಜು. ಆಗ ನಮಗೆ ಮನೆಯ ಸಾಲದ ಹನ್ನೊಂದು ವರ್ಷ ಬಾಕಿಯಿತ್ತು, ಮಗ ಒಂಬತ್ತನೆಯ ತರಗತಿಯಲ್ಲಿದ್ದ. ಇದನ್ನು ಸಮರ್ಥನೆಗೆಂದು ಹೇಳುತ್ತಿಲ್ಲ. ಆಗ ನಾವು ನಮಗೆ ಹೇಳಿಕೊಂಡದ್ದು ಇದನ್ನೇ ಎಂದು ತಿಳಿಸುತ್ತಿದ್ದೇವೆ ಅಷ್ಟೆ.

ಹುಡುಗ ಆ ಪತ್ರದ ಪ್ರತಿ ಓದಿದ. ಏನೂ ಅನ್ನಲಿಲ್ಲ. ತಿಂಗಳು ಮುಗಿಯುವುದರೊಳಗೆ ಕೆಲಸ ಬಿಟ್ಟ. ಬೀಳ್ಕೊಡುವ ಹೊತ್ತಿಗೆ ನಮಗೆ ಬೇಲಾಪುರದಲ್ಲಿ ಕೆಲಸವಿತ್ತು. ಇತ್ತೆಂದು ನಾವೇ ಮಾಡಿಕೊಂಡಿದ್ದೆವು.

2016ರ ಮೇ 26ರಂದು ಡೊಂಬಿವಲಿಯ ಎಂಐಡಿಸಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸಿಡಿದುದನ್ನು ಈ ಭಾಗದ ವಾಚಕರು ಮರೆತಿರಲಾರರು. ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು, ಬಹುದೂರದ ಮನೆಗಳ ಗಾಜುಗಳೂ ಒಡೆದವು. 2024ರ ಮೇ 23ರಂದು ಮತ್ತೊಂದು ಸ್ಫೋಟ. ಅವಕ್ಕೂ ನಮ್ಮ ಕಾರ್ಡಿಗೂ ಏನೂ ಸಂಬಂಧವಿಲ್ಲ. ಆದರೆ ಎರಡು ಸಲವೂ ಕಿಟಕಿಯ ಗಾಜು ನಡುಗಿದಾಗ ನಮ್ಮ ಕಣ್ಣ ಮುಂದೆ ಬಂದದ್ದು 110 ಎಂಬ ಆ ಹಸಿರು ಅಂಕಿ. ನಮ್ಮಾಕೆ, "ಯಾಕೆ ಹೀಗೆ ಬೆವೆತಿದ್ದೀರಿ?" ಎಂದು ಕೇಳಿದಾಗ, ಸೆಕೆ ಎಂದೆವು.

ಇಷ್ಟನ್ನೂ ಹುಡುಗಿಗೆ ಹೇಳಿ ಮುಗಿಸುವಾಗ ಮಳೆ ಹೊಳವಾಗಿತ್ತು. ನಮ್ಮಾಕೆಯೂ ಬಾಗಿಲ ಬಳಿ ಬಂದು ನಿಂತಿದ್ದಳು. ಹದಿನೆಂಟು ವರ್ಷ ಅವಳಿಗೂ ಇದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ, "ಅವರಿಗೆ ಆಮೇಲೆ ಫೋನ್ ಮಾಡಿದ್ರಾ ಮಾವ?" ಎಂದಳು.

"ಇಲ್ಲ."

"ನಂಬರ್ ಇಲ್ವಾ?"

ನಂಬರ್ ಇತ್ತು. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಅವನೂ ಇದ್ದ. ಬೆಂಗಳೂರಿನಲ್ಲಿದ್ದಾನೆ, ಎಂದೂ ಏನೂ ಬರೆಯುವುದಿಲ್ಲ. ಕರೆಯಬಹುದಾದ ಹೆಸರು ಪಟ್ಟಿಯಲ್ಲೇ ಇತ್ತು. ಕರೆಯದೆ ಇದ್ದವರು ನಾವು.

ಆ ಸಂಜೆ ಕರೆದೆವು. ಮೊದಲ ತೊಡಕು, ನೀನು ಎನ್ನುವುದೋ ನೀವು ಎನ್ನುವುದೋ. ಅವನಿಗೆ ಈಗ ನಲವತ್ತು ದಾಟಿದೆ. "ನೀವು ಚೆನ್ನಾಗಿದ್ದೀರಾ?" ಎಂದೆವು. "ಸಾರ್, ನೀವು ನನಗೆ ನೀವು ಅಂತೀರಲ್ಲ" ಎಂದು ನಕ್ಕ. ಆ ನಗು ಕೇಳಿದ ಮೇಲೆ ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಮರೆತು, ಆ ಪತ್ರ ಸುಳ್ಳು, ಅಂಕಣ ಸೇರಿಸಿದವನು ನಾನು, ಎರಡನೆಯದನ್ನು ಕಟ್ಟಬೇಡ ಎಂದವನು ನಾನು, ಫೋರ್ಸ್ ಮಾಡು ಎಂದವನೂ ನಾನೇ ಎಂದು ಒಂದೇ ಉಸಿರಿಗೆ ಹೇಳಿದೆ. ವಾಚಕರು ಗಮನಿಸಿರಬಹುದು, ಈ ಒಂದು ವಾಕ್ಯದಲ್ಲಿ ನಾವು ಎಂಬ ಮಾತು ಇಲ್ಲ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು, "ಗೊತ್ತು ಸಾರ್. ನನಗೆ ಅವತ್ತೇ ಗೊತ್ತಿತ್ತು. ನೀವೇ ಹೇಳ್ತೀರಿ ಅಂತ ಆ ತಿಂಗಳೆಲ್ಲ ಕಾದೆ" ಎಂದ. ಮತ್ತೆ, "ಅಪ್ಪ ಕೇಳಿದ್ರು, ಮುಂಬಯಿ ಕೆಲಸ ಯಾಕೆ ಬಿಟ್ಟೆ ಅಂತ. ಹವಾ ಹಿಡಿಸಲಿಲ್ಲ ಅಂದೆ. ಅವರು ಈಗಿಲ್ಲ" ಎಂದ. ಪರವಾಗಿಲ್ಲ ಸಾರ್ ಎಂಬ ಮಾತನ್ನು ಅವನು ಹೇಳಲಿಲ್ಲ. ಹೇಳದಿದ್ದುದಕ್ಕೆ ನಮಗೆ ಬೇಸರವಿಲ್ಲ. ಫೋನ್ ಇಡುವ ಮುಂಚೆ, ಡೊಂಬಿವಲಿಯಲ್ಲಿ ಈಗಲೂ ಅಷ್ಟೇ ಮಳೆಯೇ ಎಂದು ಕೇಳಿದ. ಅಷ್ಟೇ ಮಳೆ ಎಂದೆವು.

ಮರುದಿನ ಸೋಮವಾರ ರಾತ್ರಿ ಹತ್ತೂಕಾಲಕ್ಕೆ ನಮ್ಮ ಹುಡುಗಿಯಿಂದ ಸಂದೇಶ ಬಂತು. ಎರಡನ್ನೂ ಒಟ್ಟಿಗೇ ಮತ್ತೆ ಕಟ್ಟಿದಳಂತೆ. ಮೊದಲ ಸಲ ಮಾಡ್‌ಪೋಸ್ಟ್ ಒಂದು ಹೆಸರು ಸಿಗಲಿಲ್ಲವೆಂದು ಗೊಣಗಿತಂತೆ. ಹುಡುಕಿದರೆ ಪಕ್ಕದ ಮಾಡ್ಯೂಲಿನವರು ಎಕ್ಸ್‌ಪೋರ್ಟ್ ಸಾಲು ಬರೆಯುವುದನ್ನೇ ಮರೆತಿದ್ದರಂತೆ. ಡೆಮೊ ಗುರುವಾರಕ್ಕೆ ಹೋಯಿತು, ಲೀಡ್ ಮುಖ ಗಂಟು ಹಾಕಿಕೊಂಡಿದ್ದಾರೆ, ನಾನೀಗ ಠಾಣೆಯಲ್ಲಿ ಕಲ್ಯಾಣದ ಗಾಡಿ ಕಾಯುತ್ತಿದ್ದೇನೆ ಎಂದು ಬರೆದಿದ್ದಳು. ನಾವು ಅದನ್ನು ಓದಿ ನಮ್ಮಾಕೆಗೆ ತೋರಿಸಿದೆವು. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಊಟ ಆಯಿತಾ ಕೇಳಿ" ಎಂದಳು. ಕೇಳಿದೆವು. ಇನ್ನೂ ಇಲ್ಲವಂತೆ.